ಸಿಕಂದರಪ್ಪ ಯಾರ ಪೈಕಿ?

ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲ ಕೇಳಿ ಮುಗಿಸಿದ್ದ ಮನೆ ಮಾಲಕ ಕಿರಣಕುಮಾರ, ಬೀಗದ ಕೈ ಕೊಡುವ ಗಳಿಗೆಯಲ್ಲಿ ಅದನ್ನೂ ಕೇಳಿಬಿಟ್ಟ.

"ಸಿಕಂದರಪ್ಪ," ಎಂದ, ಮಾನ್ವಿಯಿಂದ ರಾಯಚೂರಿಗೆ ವರ್ಗವಾಗಿ ಬಂದಿದ್ದ ಇತಿಹಾಸದ ಮಾಸ್ತರ.

ಚಾಚಿದ್ದ ಕೈ ಆಮೆಯ ತಲೆಯಂತೆ ಒಳಗೆ ಹೋಯಿತು. ಗೇಟಿನೆದುರು ಸಾಮಾನು ತುಂಬಿದ ಮಿನಿ ಲಾರಿಯ ಮೇಲೆ ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಹೆಂಡತಿ ವಿಶಾಖಾ ಕುಳಿತಿದ್ದಳು. ಮಾನ್ವಿಯ ಮನೆ ಬೆಳಿಗ್ಗೆಯೇ ಬೇರೆಯವರ ಪಾಲಾಗಿತ್ತು. ಈ ಮನೆ ತಪ್ಪಿದರೆ ಲಾರಿಯೇ ಸಂಸಾರ.

"ಸಾಬ್ರೇನ್ರಿ?"

"ಅಲ್ರಿ. ನಮ್ಮವ್ವಗ ಹೆರಿಗಿ ಕಷ್ಟಾದಾಗ ಟಾಂಗಾದ ಸಿಕಂದರ್ ಸಾಬ ದವಾಖಾನಿಗೆ ಒಯ್ದಿದ್ದನ್ರಿ. ಅವನ ಹೆಸರಾ ಇಟ್ರು."

ಎದುರುಮನೆಯ ಪಂಪಾಪತಿ ಲುಂಗಿ ಎತ್ತಿಕೊಂಡು ಬಂದ. ಮಂದಿಯ ಜಾತಿ ಪತ್ತೆಯಾಗದಿದ್ದರೆ ಅವನಿಗೆ ಉಂಡ ರೊಟ್ಟಿ ಅರಗುತ್ತಿರಲಿಲ್ಲ. "ಅದು ಖರೆ. ಆದ್ರ ಯಾರ ಪೈಕಿ?"

ಸಿಕಂದರಪ್ಪ ಇತಿಹಾಸಕ್ಕೆ ಹಾರಿದ. "ಮೂಲ ಗ್ರೀಕ್ ರೀ. ಅಲೆಕ್ಸಾಂಡ್ರೋಸ್. ಅರಬರು ಮುಂದಿನ 'ಅಲ್' ನಮ್ಮ ಭಾಷಿದು, ಇಂಗ್ಲಿಷಿನ 'ದಿ' ಇದ್ದಂಗ, ಹೆಸರಿಗೆ ಸೇರಿದ್ದಲ್ಲ ಅಂತ ತಿಳಿದು ಕಡದು ಒಗದ್ರು. ಪಾರಸಿಯಾಗ ಇಸ್ಕಂದರ್, ದಖನಿಯಾಗ ಸಿಕಂದರ್, ನಮ್ಮ ಕಲ್ಲೂರಾಗ ಅಪ್ಪ ಹತ್ತಿತು. ರಷ್ಯಾದಾಗ ಅದಾ ಸಾಶಾ, ಹಂಗೇರಿಯಾಗ ಶಾಂದೋರ್!"

"ಇಷ್ಟು ದೇಶ ತಿರುಗಿದ್ರೂ ಅದಕ್ಕೊಂದು ಜಾತಿ ಸಿಗಲಿಲ್ಲೇನ್ರಿ?"

"ಅಲ್ಲೆಲ್ಲ ಜಾತಿ ಇಲ್ರಿ."

"ಅಂದ್ರ ಇಂವ ಫಾರಿನ್ನಿನಾಂವ! ಕಿರಣಾ, ಪಾಸ್‌ಪೋರ್ಟ್ ನೋಡಪಾ!"

ಓಣಿ ನೆರೆಯಿತು. ರಷ್ಯಾದಿಂದ ಮಾಸ್ತರ ಬಂದಾನಂತೆ ಎಂದು ಮಂದಿ ಮಾಳಿಗೆ ಹತ್ತಿ ನಿಂತರು. ಒಬ್ಬಾಕೆ ಅವನ ಬಣ್ಣ ನೋಡಿ, "ಬಿಸಿಲಿಗೆ ಸುಟ್ಟಾನ, ಪಾಪ," ಎಂದು ಲೊಚಗುಟ್ಟಿದಳು.

ಎರಡು ತಾಸಿನಿಂದ ಬೇಯುತ್ತಿದ್ದ ವಿಶಾಖಾಳ ತಾಳ್ಮೆ ಹರಿಯಿತು. "ರಷ್ಯಾ ಅಲ್ಲ, ಗಿಷ್ಯಾ ಅಲ್ಲ! ಇವರು ಕಲ್ಲೂರಿನ ಊರಹೊರಗಿನ ಕೇರಿಯವರು, ನಾನು ದೇವದುರ್ಗದ ಕೇರಿಯಾಕಿ. ಆತೇನು? ಹೊಟ್ಟಿ ತಣ್ಣಗಾತೇನು?"

ಪಂಪಾಪತಿ ನೆರಳು ತಾಕೀತೆಂದು ಎರಡು ಹೆಜ್ಜೆ ಹಿಂದೆ ಸರಿದ. ಕಿರಣಕುಮಾರನ ಮುಖ ಸುಣ್ಣವಾಯಿತು. ಮಾಸ್ತರನ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿದ. ಬಡಿಯುತ್ತಾನೆಂದು ಸಿಕಂದರಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

ಕಿರಣಕುಮಾರ ಕೈ ಮುಗಿದ. "ಅಣ್ಣಾ, ನಾನೂ ನಿಮ್ಮಾಂವನ. ಕವಿತಾಳದ ಕೇರಿಯಾಂವ. ಅಸಲಿ ಹೆಸರು ಬೂದೆಪ್ಪ. ಹದಿನಾರು ವರ್ಷಾತು, ಈ ಓಣಿಯಾಗ ಯಾರಿಗೂ ಗೊತ್ತಿಲ್ಲ."

ಸಿಕಂದರಪ್ಪನ ಎದೆ ಅರಳಿತು. "ಹಂಗಾದ್ರ ಬೀಗದ ಕೈ ಕೊಡಪಾ!"

"ಕೊಟ್ರ, 'ಇಂವ ಯಾಕ ಕೊಟ್ಟ' ಅಂತ ಪಂಪಾಪತಿ ನನ್ನ ಬೇರು ಅಗಿಯಾಕ ನಿಂದರ್ತಾನ. ಬ್ಯಾರೇ ಯಾರರ ಆಗಿದ್ರ ಕೊಡತಿದ್ದೆ ಅಣ್ಣಾ. ನಮ್ಮವರಿಗೆ ಹೆಂಗ ಕೊಡ್ಲಿ?"

ಬಾಗಿಲು ತೆರೆದು, ಓಣಿಗೆಲ್ಲ ಕೇಳುವಂತೆ ಗುಡುಗಿದ: "ಇಂಥವರಿಗೆ ನಮ್ಮಲ್ಲಿ ಮನಿ ಇಲ್ಲ!"

"ಶಹಬ್ಬಾಸ್! ಮನಿತನಸ್ಥ ಅಂದ್ರ ನೀನಪಾ," ಎಂದ ಪಂಪಾಪತಿ.

ಬಾಯಿಗೆ ಬಂದ ಬೂದೆಪ್ಪನನ್ನು ನುಂಗಿಕೊಂಡು ಸಿಕಂದರಪ್ಪ ಲಾರಿ ಹತ್ತಿದ. ಲಾರಿ ತಿರುವು ದಾಟಿದ ಮೇಲೆ ವಿಶಾಖಾ ಕೇಳಿದಳು, "ಒಳಗ ಏನಂದಾ?"

"ನಮ್ಮಾಂವಂತ. ಅದಕ್ಕ ಆಗಂಗಿಲ್ಲಂತ."