ವುಕೈರಿನ ವ್ಯಾನು, ನನ್ನ ತೋರುಬೆರಳು

ಫೋನಲ್ಲಿ ಟೈಪ್ ಮಾಡೋದು ಕಲಿತ ಮೇಲೆ ನನಗೆ ಗೊತ್ತಾಗಿದ್ದೇನಂದ್ರೆ, ಬೈಯೋದಕ್ಕೆ ಬಾಯಿಗಿಂತ ಒಳ್ಳೇ ಯಂತ್ರ ಇನ್ನೂ ಬಂದಿಲ್ಲ. ಒಂದೇ ಬೆರಳಲ್ಲಿ 'ನಿನ್ನ ಮನೆ ಹಾಳಾಗ' ಅಂತ ಕುಟ್ಟಿ ಮುಗಿಸೋ ಹೊತ್ತಿಗೆ ಸಿಟ್ಟೇ ಆರಿಹೋಗಿ, ಪಾಪ, ಅವನಿಗೂ ಹೆಂಡ್ತಿ ಮಕ್ಕಳಿದಾರೆ ಅನ್ಸಿ ಅಳಿಸಿಬಿಡ್ತೀನಿ. ಆದ್ರೆ ಈ ಸಲದ ಸಿಟ್ಟು ಆರೋ ಜಾತಿದಲ್ಲ.

ಕತಾರಿನ ಅಲ್ ವುಕೈರಲ್ಲಿರೋ ನಮ್ಮ ಬಿಲ್ಡಿಂಗಿನವರು ಹದಿನಾಲ್ಕು ಸೀಟಿನ ವ್ಯಾನೊಂದು ಇಟ್ಟಿದಾರೆ. ಬೆಳಿಗ್ಗೆ ಎಂಟಕ್ಕೆ ವಕ್ರಾದ ಸಮುದ್ರದ ದಂಡೆಗೆ, ಹತ್ತೂವರೆಗೆ ವಾಪಸ್. ಮಗ ಸೊಸೆ ಆಫೀಸಿಗೆ, ಮೊಮ್ಮಗಳು ಸ್ಕೂಲಿಗೆ ಹೋದ್ಮೇಲೆ ನನಗಿರೋ ಲೋಕ ಅದೊಂದೇ. ನಡ್ಕೊಂಡು ಹೋಗೋಣ ಅಂದ್ರೆ ಈ ಬಿಸಿಲಲ್ಲಿ ನೆತ್ತಿ ಮೇಲೆ ಹಪ್ಪಳ ಸುಡಬಹುದು. ನಾವು ಒಂಬತ್ತು ಜನ ಮುದುಕೀರು ದಿನಾ ಹೋಗ್ತೀವಿ. ಡ್ರೈವರ್ ಹಮೀದ್ ಪುತ್ತೂರಿನೋನು. ಒಬ್ಬಳು ಬಂದಿಲ್ಲ ಅಂದ್ರೂ ಕಾಯ್ತಾನೆ. "ಮಂಡಿ ನೋವಾ ಅಜ್ಜಿ? ಮೆಲ್ಲ ಬನ್ನಿ, ಸಮುದ್ರ ಎಲ್ಲಿಗೂ ಓಡಿ ಹೋಗುದಿಲ್ಲ."

ಹೋದ ತಿಂಗಳು ಲಿಫ್ಟಲ್ಲಿ ಚೀಟಿ ಅಂಟಿಸಿದ್ರು: ಪ್ರಯಾಣಿಕರಿಲ್ಲ, ಆದ್ದರಿಂದ ವ್ಯಾನು ಖಲಾಸ್. ಪ್ರಯಾಣಿಕರಿಲ್ವಂತೆ! ಹಾಗಾದ್ರೆ ನಾವೇನು ದೆವ್ವಗಳಾ?

ಸಂಜೆ ಮೊಮ್ಮಗಳು ಸಮಾಧಾನ ಮಾಡೋಕೆ ಅಂತ ಒಂದು ಹಳೇ ಇಂಗ್ಲಿಷ್ ಪಿಕ್ಚರ್ ಹಾಕಿದ್ಲು. ಹಳ್ಳಿ ರೈಲನ್ನ ಸರ್ಕಾರ ನಿಲ್ಲಿಸೋಕೆ ಹೊರಟ್ರೆ ಹಳ್ಳಿಯೋರೇ ಓಡಿಸ್ತಾರೆ. ಚರ್ಚಿನ ಪಾದ್ರಿನೇ ಇಂಜಿನ್ ಹತ್ತುತಾರೆ! ಇಂಜಿನ್ ಹಾಳಾದ್ರೆ ಮ್ಯೂಸಿಯಮ್ಮಿಂದ ಮುತ್ತಾತನ ಕಾಲದ್ದನ್ನ ಎಳ್ಕೊಂಡು ಬರ್ತಾರೆ. ನಕ್ಕೂ ನಕ್ಕೂ ಸಾಕಾಯ್ತು, ಸಿಟ್ಟು ಮಾತ್ರ ಇಮ್ಮಡಿ ಆಯ್ತು. ಮೊಮ್ಮಗಳು ನನ್ನ ಮುಖ ನೋಡಿ, "ಅಜ್ಜಿ, ಪ್ಲೀಸ್, ನೀನು ವ್ಯಾನ್ ಡ್ರೈವ್ ಮಾಡ್ಬೇಡ" ಅಂದ್ಲು.

ಮಾರನೇ ದಿನ ಒಂಬತ್ತೂ ಜನ ಮ್ಯಾನೇಜರ್ ರೂಮಿಗೆ ನುಗ್ಗಿದ್ವಿ. ಅವನು ಹೈದರಾಬಾದಿನೋನು. ನನ್ನ ಹಿಂದಿ ಎರಡೇ ನಿಮಿಷಕ್ಕೆ ಮುಗೀತು, ಮಿಕ್ಕಿದ್ದನ್ನ ಮೈಸೂರು ಕನ್ನಡದಲ್ಲೇ ಝಾಡಿಸಿದೆ. ಅವನು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದ. ಆ್ಯಪಲ್ಲಿ ಸೀಟು ಬುಕ್ ಮಾಡಿದೋರ ಪಟ್ಟಿ ಅದು. ಆರು ತಿಂಗಳಿಂದ ಖಾಲಿ.

"ಹಮೀದನಿಗೆ ನಾವು ಬರ್ತೀವಿ ಅಂತ ಗೊತ್ತಲ್ಲಪ್ಪ, ಯಂತ್ರಕ್ಕೆ ಬೇರೆ ಯಾಕೆ ಹೇಳ್ಬೇಕು?" ಅಂದೆ.

ಹಿಂದಿನಿಂದ ಬಂಟ್ವಾಳದ ಸುಮತಿಯಕ್ಕ ಬಾಯಿ ಹಾಕಿದ್ರು. "ಆ್ಯಪ್ ಎಲ್ಲ ಬೇಡ, ಮದುವೆಮನೆ ಪಂಕ್ತಿಗೆ ಯಾರಾದ್ರೂ ಟಿಕೆಟ್ ತಗೊಂಡು ಕೂತ್ಕೊಳ್ತಾರಾ ಅಂತ ನಮಗೆಲ್ಲ ಹೇಳಿದ್ದು ನೀವೇ ಅಲ್ವಾ ಮಾರಾಯ್ರೆ?"

ಆ ಹೆಂಗಸಿನ ನೆನಪಿನ ಶಕ್ತಿಗೆ ಬೆಂಕಿ ಬೀಳ.

ಮ್ಯಾನೇಜರ್ ಒಂದು ತಿಂಗಳು ಟೈಮ್ ಕೊಟ್ಟ. ಸೀಟು ತುಂಬಿದ್ರೆ ವ್ಯಾನು ಇರುತ್ತೆ ಅಂದ. ನಾನು ಮೊಮ್ಮಗಳ ಹತ್ರ ಪಾಠ ಹೇಳಿಸ್ಕೊಂಡೆ, ಉಳಿದ ಎಂಟು ಜನಕ್ಕೆ ನಾನೇ ಹೇಳಿಕೊಟ್ಟೆ. ಪಕ್ಕದ ಬಿಲ್ಡಿಂಗಿನೋರಿಗೂ ಸುದ್ದಿ ಮುಟ್ಟಿ ಹದಿನಾಲ್ಕೂ ಸೀಟು ಭರ್ತಿ. ವ್ಯಾನು ಉಳೀತು.

ದಿನಾ ಸಂಜೆ ಆರಕ್ಕೆ ಮಾರನೇ ದಿನದ ಬುಕಿಂಗ್ ತೆಗೀತಾರೆ. ನಿನ್ನೆ ಕನ್ನಡಕ ಹಾಕ್ಕೊಂಡು, ನನ್ನ ಹೆಸರಿನ ಅಕ್ಷರ ಒಂದೊಂದೇ ಹುಡುಕಿ ಒತ್ತೋದ್ರೊಳಗೆ ಸೀಟು ಮುಗಿದಿತ್ತು. ಆದ್ರೂ ಇವತ್ತು ಬೆಳಿಗ್ಗೆ ಗೇಟಿಗೆ ಹೋಗಿ ನಿಂತೆ. ಹಮೀದ್ ತಲೆ ತಗ್ಗಿಸಿದ. "ಎಂತ ಮಾಡುದು ಅಜ್ಜಿ, ಲಿಸ್ಟಲ್ಲಿ ನಿಮ್ಮ ಹೆಸರಿಲ್ಲ." ನಾನು ದಿನಾ ಕೂರೋ ಕಿಟಕಿ ಸೀಟಿಂದ ಸುಮತಿಯಕ್ಕ ಟಾಟಾ ಮಾಡಿದ್ರು.

ಈಗ ಮನೇಲಿ ಕೂತು ಅವರಿಗೊಂದು ಬೈಗುಳ ಕುಟ್ಟುತಾ ಇದೀನಿ. ಎಂಟು ಗಂಟೆಗೆ ಶುರು ಮಾಡಿದ್ದು. ಅವರು ಸಮುದ್ರ ನೋಡ್ಕೊಂಡು ವಾಪಸ್ ಬರೋ ಹೊತ್ತಿಗೆ ಅರ್ಧ ಆಗಿರುತ್ತೆ.