ದೊಡ್ಡಪ್ಪನ ಹೆಸರಿನ ನಾಯಿ

ನಮ್ಮ ದೊಡ್ಡಪ್ಪನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ತೆರಕಣಾಂಬಿಯ ಹಳಬರಿಗೆ ಮೊದಲು ನೆನಪಾಗುವುದು ಒಂದು ಕೆಂಪು ನಾಯಿ. ದೊಡ್ಡಪ್ಪ ನೆನಪಾಗುವುದು ಆಮೇಲೆ. ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ.

ಐವತ್ತರ ದಶಕದ ಮಾತು. ಹಣೆತುಂಬ ವಿಭೂತಿ ಧರಿಸಿ, ಹೊಲ ನೋಡಿಕೊಂಡು ತೆಪ್ಪಗಿರಬೇಕಾದ ಮನುಷ್ಯ, ಬೀದಿನಾಯಿಗಳ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಕೊಡಲು ಹೊರಟರು. ಗುಂಡ್ಲುಪೇಟೆ ಸಂತೆ, ಚಾಮರಾಜನಗರದ ಬಸ್ ಸ್ಟ್ಯಾಂಡು, ಮದುವೆಮನೆಯ ಪಂಕ್ತಿ, ಎಲ್ಲಿ ನಾಲ್ಕು ಜನ ಸಿಕ್ಕರೂ ಭಾಷಣ. ಆಗ ನಮ್ಮೂರಿನವರು ನಾಯಿಮರಿಗಳನ್ನು ಚೀಲದಲ್ಲಿ ತುಂಬಿ ಚಂದಕವಾಡಿಯಲ್ಲಿ ಬಿಟ್ಟುಬರುತ್ತಿದ್ದರು. ಚಂದಕವಾಡಿಯವರ ಚೀಲ ನಮ್ಮೂರಿಗೆ ಬರುತ್ತಿತ್ತು.

"ಇಲ್ಲಿ ಮರಿ ಅಲ್ಲಿ, ಅಲ್ಲಿ ಮರಿ ಇಲ್ಲಿ. ಕಮ್ಮಿ ಆಗಿದ್ದು ನಿಮ್ ಚೀಲ ಅಷ್ಟೇ ಕಣ್ರಲಾ" ಎನ್ನುತ್ತಿದ್ದರು ದೊಡ್ಡಪ್ಪ. "ಮನೆಗೊಂದು ನಾಯಿ ಸಾಕಳಿ. ಒಂದ್ ಯೆಸ್ರಿಡಿ. ಯೆಸ್ರಿರೋ ಜೀವದ ಮ್ಯಾಲೆ ದೊಣ್ಣೆ ಎತ್ತಕೆ ಕೈ ಬರಕಿಲ್ಲ."

ಜನ ಹೆಸರಿಟ್ಟರು. ಆದರೆ ಎಂಥ ಹೆಸರು! ಒಬ್ಬ ತನ್ನ ದಾಯಾದಿಯ ಹೆಸರಿಟ್ಟ. ದಾಯಾದಿ ತನ್ನ ನಾಯಿಗೆ ಇವನ ಹೆಸರಿಟ್ಟ. ಇನ್ನೊಬ್ಬ ಬೀಗರ ಹೆಸರಿಟ್ಟಿದ್ದ. ಹಬ್ಬಕ್ಕೆ ಬಂದ ಬೀಗರು ಎಲೆಯ ಮುಂದೆ ಕೂತಾಗಲೇ ಹಿತ್ತಲಿನಿಂದ "ತೊಲಗಾಚೆಗೆ" ಎಂಬ ಕೂಗು, ಹೆಸರಿನ ಸಮೇತ! ಊಟ ಅರ್ಧಕ್ಕೇ ನಿಂತಿತು.

"ಯಾರ್ಗೂ ಬೇಜಾರ್ ಬ್ಯಾಡ, ನನ್ ಯೆಸ್ರೇ ಇಡ್ತೀನಿ" ಎಂದು ದೊಡ್ಡಪ್ಪ ನಮ್ಮ ಜಗುಲಿಯ ಕೆಂಪು ನಾಯಿಗೆ ತಮ್ಮ ಹೆಸರನ್ನೇ ಇಟ್ಟರು. ಅದು ಚರಂಡಿಯಲ್ಲಿ ಹೊರಳಾಡುತ್ತಿದೆ ಎಂದು ಯಾರಾದರೂ ಅವರ ಹೆಸರು ಹಿಡಿದು ಸುದ್ದಿ ತಂದರೆ, ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು.

ಕಷ್ಟ ಬಂದದ್ದು ದೊಡ್ಡಮ್ಮನಿಗೆ. ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಹೆಂಗಸು. ನಾಯಿಯನ್ನು ಹೇಗೆ ತಾನೆ ಕರೆಯಬೇಕು? ತಟ್ಟೆ ಬಡಿಯುತ್ತಿದ್ದರು.

ಒಂದು ದಿನ ನಾಯಿ ಹಿಡಿಯುವವರು ಗಾಡಿ ತಂದರು. ಆ ಗಾಡಿ ಹತ್ತಿದ ನಾಯಿ ಬದುಕಿ ಬಂದದ್ದಿಲ್ಲ. ದೊಡ್ಡಪ್ಪನೇ ಹೋರಾಡಿ ಮಾಡಿಸಿದ್ದ ನಿಯಮ ಒಂದಿತ್ತು: ಮನೆಯವರು ಹೆಸರು ಹಿಡಿದು ಕರೆದಾಗ ಬಂದರೆ ಮನೆನಾಯಿ, ಬಾರದಿದ್ದರೆ ಬೀದಿನಾಯಿ. ನಿಯಮ ಮಾಡಿಸಿದವರು ಗುಂಡ್ಲುಪೇಟೆಯಲ್ಲಿ ಭಾಷಣಕ್ಕೆ ಹೋಗಿದ್ದರು. ಇಲ್ಲಿ ನಾಯಿಯ ಕೊರಳಿಗೆ ಕುಣಿಕೆ ಬಿತ್ತು.

ದೊಡ್ಡಮ್ಮ ಓಡಿಬಂದು ತಟ್ಟೆ ಬಡಿದರು. ಊರಿನ ನಾಯಿಗಳೆಲ್ಲ ಬಂದು ನಿಂತವು.

"ಇದಾಗಕಿಲ್ಲ ಅಮ್ಮೋರೆ, ಯೆಸ್ರಿಡಿದು ಕರೀರಿ" ಎಂದ ಹಗ್ಗ ಹಿಡಿದವನು.

"ಅವ್ರದೇ ಯೆಸ್ರು ಕಣಪ್ಪ ಅದ್ಕೆ."

"ಅವ್ರು ಅಂದ್ರೆ ಯಾರು?"

ದೊಡ್ಡಮ್ಮ ನನ್ನ ಕಡೆ ನೋಡಿದರು. ಹಿರಿಯರ ಹೆಸರು ಹಿಡಿದು ಕೂಗಲು ನನಗೂ ಬಾಯಿ ಬರಲಿಲ್ಲ. ನಾಯಿಯನ್ನು ಗಾಡಿಯತ್ತ ಎಳೆದರು. ದೊಡ್ಡಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ, ಬೀದಿಗೆ ಬೀದಿಯೇ ಕೇಳುವಂತೆ, ದೊಡ್ಡಪ್ಪನ ಹೆಸರನ್ನು ಕೂಗಿಬಿಟ್ಟರು.

ಕುಣಿಕೆ ಸಡಿಲಿಸಿದ್ದೇ ತಡ, ನಾಯಿ ಓಡಿಬಂತು. ಅದರ ಹಿಂದೆಯೇ, ಆಗತಾನೆ ಬಸ್ಸಿಳಿದಿದ್ದ ದೊಡ್ಡಪ್ಪ, "ಆ... ಬಂದೆ" ಎನ್ನುತ್ತ ಚಪ್ಪಲಿ ಬಿಟ್ಟು ಓಡಿಬಂದರು. ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದು ಅವರಿಗೆ ಅದೇ ಮೊದಲು.

ಹಗ್ಗದವನು ಇಬ್ಬರನ್ನೂ ನೋಡಿದ. "ಅಮ್ಮೋರೆ, ಇದ್ರಲ್ಲಿ ನಿಮ್ದು ಯಾವ್ದು?"

"ಎಲ್ಡೂ ನಮ್ದೇ ಕಣಪ್ಪ, ಬುಡು" ಎಂದರು ದೊಡ್ಡಮ್ಮ.

"ಇನ್ನೊಂದ್ಸಲ ಅಂಗೇ ಕರಿ, ನೋಡನ" ಎಂದು ದೊಡ್ಡಪ್ಪ ಆಮೇಲೆ ಎಷ್ಟು ಗೋಗರೆದರೂ ದೊಡ್ಡಮ್ಮ ಬಾಯಿ ಬಿಡಲಿಲ್ಲ. ಆಯುಸ್ಸಿನ ಪ್ರಶ್ನೆಯಲ್ಲವೆ?

ಕೆಲವು ವರ್ಷ ಕಳೆದು ದೊಡ್ಡಪ್ಪ ತೀರಿಕೊಂಡರು. ಹೊಲದಲ್ಲಿ ಮಣ್ಣು ಮಾಡಿ ಬಂದ ಸಂಜೆ ದೊಡ್ಡಮ್ಮ ಜಗುಲಿಯ ಮೇಲೆ ಕೂತಿದ್ದರು. "ಇನ್ನೇನದೆ ಕಮ್ಮಿ ಆಗಕೆ" ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಅವರ ಹೆಸರನ್ನು ತುಂಬುಗಂಟಲಿನಲ್ಲಿ ಕರೆದರು.

ಮುದಿಯಾಗಿದ್ದ ನಾಯಿ ಕಷ್ಟಪಟ್ಟು ಎದ್ದು ಬಂದು ಅವರ ಮಡಿಲಿಗೆ ಮುಖವಿಟ್ಟಿತು. ಅದರ ತಲೆ ಸವರುತ್ತ ದೊಡ್ಡಮ್ಮ ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದರು.