ಎಲೆ ಲೆಕ್ಕ, ಹಾಸಿಗೆ ಲೆಕ್ಕ

ಸಿಟ್ಟು ಬಂದಾಗ ಬರೆಯಬಾರದು ಎಂದು ತಿಳಿದವರು ಹೇಳುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಸಿಟ್ಟಿಲ್ಲದಾಗಲೂ ಬರೆದವನಲ್ಲ. ಶಿಕಾರಿಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವವನಿಗೆ ಬರವಣಿಗೆ ಎಂದರೆ ಗಿರಾಕಿಗಳ ಡಬ್ಬಿಯ ಮೇಲೆ ಹೆಸರು ಗೀಚುವುದು, ಅಷ್ಟೇ. ಆದರೆ ಈ ಹೋಮ್‌ಸ್ಟೇ, ಲಾಡ್ಜಿನವರ ಮೇಲಿನ ಸಿಟ್ಟನ್ನು ಎಲ್ಲಾದರೂ ಇಳಿಸಲೇಬೇಕಾಗಿದೆ. ಮೊನ್ನೆ ಅವರನ್ನೇ ನೆನೆಯುತ್ತ ಗಿರಣಿಯ ಕಲ್ಲನ್ನು ಎಷ್ಟು ಬಿಗಿ ಮಾಡಿದೆನೆಂದರೆ, ಪಾಪ, ಯಾರದೋ ಜೋಳದ ಹಿಟ್ಟು ಸೀದೇಹೋಯಿತು.

ಆಗಿದ್ದಿಷ್ಟು. ನಮ್ಮ ಅವ್ವ ಸಮುದ್ರ ನೋಡಿದವಳಲ್ಲ. ಈ ಸಲದ ದಸರಾ ರಜೆಯಲ್ಲಿ ತೋರಿಸುತ್ತೇವೆ ಎಂದಾಗ ಅವಳು ಹಾಕಿದ್ದು ಒಂದೇ ಷರತ್ತು. "ನನ್ನ ಹೊಟ್ಟಿಯಾಗ ಹುಟ್ಟಿದೋರೆಲ್ಲ ಇರಬೇಕು. ಒಂದೇ ಕಡಿ ಸಾಲಾಗಿ ಮಲಗಬೇಕು. ಒಬ್ಬರು ಕಮ್ಮಿಯಾದ್ರೂ ನಾ ಬರಾಕಿಲ್ಲ." ಒಂದೇ ಮನೆಯಲ್ಲಿರುವ ನಾವು ಮೂವರು ಅಣ್ಣತಮ್ಮಂದಿರು, ಸೊರಬದ ಉಳವಿಗೆ ಕೊಟ್ಟ ಅಕ್ಕ, ಎಲ್ಲರ ಸಂಸಾರಗಳು. ಜಾಗ ಹುಡುಕುವ ಕೆಲಸ ನನಗೆ ಬಂತು. ಮನೆಯಲ್ಲಿ ದೊಡ್ಡ ಫೋನು ಇರುವುದು ನನ್ನ ಹತ್ತಿರ. ಅದಕ್ಕಿಂತ ಬೇರೆ ಯೋಗ್ಯತೆಯೇನೂ ಇರಲಿಲ್ಲ.

ಫೋನಿನಲ್ಲಿ 'ಫ್ಯಾಮಿಲಿ ರೂಮ್' ಎಂದು ಹುಡುಕಿದೆ. ಬಂದ ಫೋಟೋ ನೋಡಬೇಕಿತ್ತು! ಗಂಡ, ಹೆಂಡತಿ, ಹಲ್ಲು ಕಿಸಿದ ಎರಡು ಮಕ್ಕಳು, ಹಾಸಿಗೆಯ ಮೇಲೆ ಹಂಸದಂತೆ ಮಡಚಿಟ್ಟ ಟವೆಲ್ಲು. ಅವರ ಪ್ರಕಾರ ಫ್ಯಾಮಿಲಿ ಅಲ್ಲಿಗೆ ಮುಗಿಯಿತು. ಹಾಗಾದರೆ ನಮ್ಮದೇನು, ಮೆರವಣಿಗೆಯೇ? ಒಬ್ಬ ನನ್ನನ್ನು ಟೂರಿಸ್ಟ್ ಬಸ್ಸಿನ ಏಜೆಂಟನೆಂದೇ ತಿಳಿದ. ಇನ್ನೊಬ್ಬ, "ಗುಂಪಿಗೆ ಕೊಡೋದಿಲ್ಲ, ಕುಡಿದು ಗಲಾಟೆ ಮಾಡ್ತಾರೆ" ಎಂದ. ನಮ್ಮ ಗುಂಪಿನ ಮುಂದಾಳಿಗೆ ಎಂಬತ್ತು ದಾಟಿದೆ, ಅವಳು ಕುಡಿಯುವುದು ಬೆಲ್ಲದ ಚಹ, ಗಲಾಟೆ ಮಾತ್ರ ಮಾಡುತ್ತಾಳೆ ಎಂದು ವಿವರಿಸಿದೆ. ಫೋನಿಟ್ಟುಬಿಟ್ಟ. ಮತ್ತೊಂದು ಕಡೆ ನಾಯಿಯನ್ನು ಕರೆತರಬಹುದಂತೆ, ಮೂರನೆಯ ಮಗುವನ್ನು ತರುವಂತಿಲ್ಲವಂತೆ!

ಕೊನೆಗೆ ಒಬ್ಬ ಹೋಮ್‌ಸ್ಟೇಯವನು ಮನುಷ್ಯನಂತೆ ಮಾತಾಡಿದ. "ಎಷ್ಟು ಜನ?"

"ಇಪ್ಪತ್ತು ಎಲೆ ರೀ."

ನಮ್ಮಲ್ಲಿ ಜನರನ್ನು ಎಣಿಸುವುದೇ ಹಾಗೆ. ಮದುವೆಯಾಗಲಿ, ತಿಥಿಯಾಗಲಿ, ಊಟದ ಎಲೆ ಎಣಿಸಿದರೆ ಮುಗಿಯಿತು. ಅವನೂ ಒಪ್ಪಿದ, ಇಪ್ಪತ್ತೇ ಅವನ ಮಿತಿ. ಎರಡು ದಿನ ಬಿಟ್ಟು ಹೆಸರು, ವಯಸ್ಸು ಕೇಳಿದ. ಹೇಳುತ್ತ ಹೋದೆ. "ಇದು ಇಪ್ಪತ್ತಾರಾಯ್ತಲ್ಲ!" ಎಂದ.

"ಆರು ಸಣ್ಣ ಹುಡುಗ್ರು ರೀ. ತಾಯಂದಿರ ಎಲಿಯಾಗ ಉಣ್ತಾವು. ಲೆಕ್ಕಕ್ಕಿಲ್ಲ."

"ಸ್ವಾಮಿ, ನಮ್ಮಲ್ಲಿ ಮಲಗೋದು ಎಲೆ ಮೇಲಲ್ಲ, ಹಾಸಿಗೆ ಮೇಲೆ. ಆರು ಜನರನ್ನು ಕಡಿಮೆ ಮಾಡಿ."

ಜಮಖಾನ ಹಾಸಿಕೊಳ್ಳುತ್ತೇವೆ ಎಂದೆ, ಹೊರಗೆ ಜಗಲಿಯಲ್ಲಿ ಬಿದ್ದುಕೊಳ್ಳುತ್ತೇವೆ ಎಂದೆ. ಜಗ್ಗಲಿಲ್ಲ. ಎಂಥ ಅಹಂಕಾರ ನೋಡಿ! ಒಡಹುಟ್ಟಿದವರಲ್ಲಿ ಯಾರನ್ನು ಬಿಡಬೇಕು ಎಂದು ಇವನು ಹೇಳುವುದೆ?

ಅವನು ಹೇಳಲಿಲ್ಲ. ಆ ಕೆಲಸ ಮಾಡಿದವನು ನಾನು. ಇಲ್ಲಿಯವರೆಗೆ ಸಿಟ್ಟಿನಲ್ಲಿ ಸುತ್ತಿ ಬಳಸಿ ಬಂದದ್ದೆಲ್ಲ ಈ ಮಾತು ಬಾಯಿಗೆ ಬರದೆ. ಉಳವಿಯ ಅಕ್ಕನ ಮನೆಯವರು ಸರಿಯಾಗಿ ಆರು ಜನ. ಪಟ್ಟಿಯಿಂದ ಹೆಸರು ಹೊಡೆಯುವಾಗ ಕೈ ತಾನಾಗಿ ಅತ್ತಲೇ ಹೋಯಿತು. ಅವಳಿಗೊಂದು ಮಾತು ಕೇಳಲೂ ಇಲ್ಲ. ಅವ್ವನಿಗೆ ಮಾತ್ರ "ಅಕ್ಕನ ಮನಿಯಾಗ ಗದ್ದಿ ಕೆಲಸ ಅದಾವಂತ, ಬರಾಕ ಆಗೋದಿಲ್ಲಂತ" ಎಂದು ಸಲೀಸಾಗಿ ಅಂದುಬಿಟ್ಟೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಈಗಲೂ ಅವಳ ಸೊಂಟ ಸ್ವಲ್ಪ ವಾಲಿಕೊಂಡಿದೆ. ನನ್ನ ಭಾರದಿಂದಲೇ ಎನ್ನುತ್ತಾಳೆ.

ಅವ್ವ ಫೋನಿನಲ್ಲಿ ಮಗಳನ್ನು ವಿಚಾರಿಸದೆ ಬಿಡುವವಳೆ? ವಿಚಾರಿಸಿದಳು. ಆಮೇಲೆ ಕಟ್ಟಿಟ್ಟ ಗಂಟನ್ನು ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ವಾಪಸ್ ಹಾಕಿದಳು. "ಸಮುದ್ರ ಎಲ್ಲಿಗೂ ಹೋಗಾಕಿಲ್ಲ ಬಸ್ಯಾ. ನಿನ್ನ ಬುದ್ಧಿ ಎಲ್ಲಿಗೆ ಹೋಗಿತ್ತು?" ಇಷ್ಟು ಹೇಳಿ ಪೆಟ್ಟಿಗೆಗೆ ಬೀಗ ಹಾಕಿದಳು. ನನ್ನ ಜೊತೆ ಅವ್ವ ಮಾತು ಬಿಟ್ಟರೆ ಗಿರಣಿ ನಿಂತ ಹಾಗೆ, ಕಿವಿಯೆಲ್ಲ ಗುಂಯ್ ಎನ್ನುತ್ತದೆ.

ಮರುದಿನ ಅಕ್ಕನ ಫೋನು. ಬೈಗುಳಕ್ಕೆ ತಯಾರಾಗಿ ಎತ್ತಿದೆ. ಬೈಯಲಿಲ್ಲ. "ದಸರಾದಾಗ ಮದ್ವೆ ಎಲ್ಲಿರ್ತಾವೋ ತಮ್ಮಾ? ಕಲ್ಯಾಣ ಮಂಟಪ ಎಲ್ಲ ಖಾಲಿ ಬಿದ್ದಿರ್ತಾವೆ. ನಮ್ಮ ನಾದಿನಿ ಮದ್ವೆ ಆಗಿತ್ತಲಾ, ಸಮುದ್ರದ ಹತ್ರನೇ, ಆ ಮಂಟಪದವರಿಗೆ ನಿಮ್ಮ ಭಾವ ಹೇಳಿ ಆಯ್ತು. ಪಾತ್ರೆ ಅದಾವೆ, ಒಲೆ ಅದೆ, ಜಮಖಾನ ಅದಾವೆ. ಅವ್ವನ್ನ ಕರ್ಕಂಡು ಬಾ."

ಹೋದೆವು. ಅವ್ವ ಸಮುದ್ರವನ್ನು ಬಹಳ ಹೊತ್ತು ನೋಡಿ, "ಇಷ್ಟು ನೀರಿದ್ದೂ ಕುಡಿಯಾಕ ಬರಾಕಿಲ್ಲ ಅಂದ್ರ ಏನು ಸುಖ" ಎಂದಳು. ಮಂಟಪದ ಹಾಲ್‌ನಲ್ಲಿ ಇಪ್ಪತ್ತಾರು ಜನರೂ ಸಾಲಾಗಿ ಮಲಗಿ, ಇನ್ನೊಂದು ದಿಬ್ಬಣಕ್ಕಾಗುವಷ್ಟು ಜಾಗ ಉಳಿಯಿತು. ನನ್ನ ಸುಳ್ಳಿನ ಮಾತನ್ನು ಅಕ್ಕ ಎತ್ತಲೇ ಇಲ್ಲ. ಮರೆತಿರಬೇಕು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತೆವು. ಅಕ್ಕ ಸಾಲಿನುದ್ದಕ್ಕೂ ಎಲೆ ಹಾಕುತ್ತ ಬಂದಳು. ನನ್ನ ಎಡಕ್ಕಿದ್ದ ಭಾವನಿಗೆ ಹಾಕಿದಳು, ನನ್ನನ್ನು ದಾಟಿ ಬಲಕ್ಕಿದ್ದ ಅವ್ವನಿಗೆ ಹಾಕಿದಳು.

"ಅಕ್ಕಾ, ನನ್ನ ಎಲಿ?"

"ಅಯ್ಯೋ ತಮ್ಮಾ!" ಅವಳು ಖಾಲಿ ಕೈ ತೋರಿಸಿದಳು. "ನಿಂಗೆ ಗಿರಣಿ ಕೆಲಸ ಇರ್ತದೆ, ಬರಾಕೆ ಆಗಾಕಿಲ್ಲ ಅಂತ ನಾನೇ ಅಂದ್ಕಂಡೆ ನೋಡು."

ಇಡೀ ಸಾಲು ನಕ್ಕಿತು, ಎಲ್ಲರಿಗಿಂತ ಜೋರಾಗಿ ನನ್ನ ಹೆಂಡತಿ. ಆ ಹೋಮ್‌ಸ್ಟೇಯವನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇದಕ್ಕೆಲ್ಲ ಮೂಲ ಅವನೇ. ಅನ್ನ ಬಡಿಸಿದ್ದೇ ತಡ, ಅವ್ವ ತನ್ನ ಎಲೆಯದನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಕಡೆಗೆ ಸರಿಸಿದಳು. ಮೊಮ್ಮಗುವಿರುವ ನಾನು ಹತ್ತಿರ ಸರಿದು ಕೈ ಹಾಕಿದೆ. ತಾಯಿಯ ಎಲೆಯಲ್ಲಿ ಉಣ್ಣುವವರು ಲೆಕ್ಕಕ್ಕಿಲ್ಲ.